ಹೆಸರಿಲ್ಲದ ಪಟ್ಟಿಯಲ್ಲಿ ನಮ್ಮ ಹೆಸರು

ಜರ್ಮನಿಯ ಒಂದು ಪ್ರಕರಣದಿಂದ ಶುರು ಮಾಡುತ್ತೇನೆ.

2016ರಲ್ಲಿ ಸ್ವೇಯಾ ಎಕರ್ಟ್ ಎಂಬ ಪತ್ರಕರ್ತೆ ಮತ್ತು ಆಂಡ್ರೆಯಾಸ್ ಡೇವೆಸ್ ಎಂಬ ಡೇಟಾ ವಿಜ್ಞಾನಿ ಸೇರಿ ಒಂದು ಸುಳ್ಳು ಕಂಪನಿ ಹುಟ್ಟುಹಾಕಿದರು. ಅದಕ್ಕೊಂದು ಚೆಂದದ ವೆಬ್‌ಸೈಟ್, ಒಳ್ಳೊಳ್ಳೆ ಫೋಟೋ, ಮಾರ್ಕೆಟಿಂಗ್‌ನವರು ಆಡುವಂಥ ನಾಲ್ಕು ದೊಡ್ಡ ಮಾತು. ಆಮೇಲೆ ಡೇಟಾ ಮಾರುವ ಕಂಪನಿಗಳನ್ನು ಒಂದೊಂದಾಗಿ ಹಿಡಿದು, ಜನ ಇಂಟರ್ನೆಟ್‌ನಲ್ಲಿ ಎಲ್ಲೆಲ್ಲಿ ಓಡಾಡುತ್ತಾರೆ ಅನ್ನುವ ಮಾಹಿತಿ ಬೇಕು ಅಂತ ಕೇಳಿದರು. ಕೊನೆಗೆ ಒಂದು ಕಡೆ ಸಿಕ್ಕಿತು. ಸುಮಾರು 30 ಲಕ್ಷ ಜರ್ಮನ್ನರ ಒಂದು ತಿಂಗಳ ಬ್ರೌಸಿಂಗ್. ದುಡ್ಡೂ ಕೊಡಬೇಕಾಗಲಿಲ್ಲ. ಸ್ಯಾಂಪಲ್ ನೋಡಿ ಅಂತ ಪುಕ್ಕಟೆ ಕೊಟ್ಟರು.

ಆ ಪಟ್ಟಿಯಲ್ಲಿ ಯಾರ ಹೆಸರೂ ಇರಲಿಲ್ಲ. ಇದ್ದದ್ದು ಜನ ತೆರೆದ ಪುಟಗಳ ವಿಳಾಸ ಅಷ್ಟೇ. ಮಾರುವವರು ಇದನ್ನು ಅನಾಮಧೇಯ ಡೇಟಾ ಅನ್ನುತ್ತಾರೆ. ಹಾಗಾದರೆ ಹೆಸರು ಹುಡುಕುವುದು ಹೇಗೆ? ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಮಜಾ ಇರುವುದೇ ಇಲ್ಲಿ.

ಆಗಿನ ಟ್ವಿಟರ್‌ನಲ್ಲಿ ಅನಲಿಟಿಕ್ಸ್ ಅಂತ ಒಂದು ಪುಟ ಇತ್ತು. ನಮ್ಮ ಪೋಸ್ಟ್ ಎಷ್ಟು ಜನ ನೋಡಿದರು ಅಂತ ತೋರಿಸುವ ಪುಟ. ಅದರ ವಿಳಾಸದೊಳಗೆ ಬಳಕೆದಾರರ ಹೆಸರು ಇರುತ್ತಿತ್ತು. ಆ ಪುಟವನ್ನು ಖಾತೆಯ ಮಾಲೀಕರು ಬಿಟ್ಟು ಬೇರೆ ಯಾರೂ ನೋಡಲಾಗದು. ಅಂದರೆ ಪಟ್ಟಿಯಲ್ಲಿ ಯಾರ ಸಾಲಿನಲ್ಲಿ ಆ ವಿಳಾಸ ಇದೆಯೋ, ಆ ಖಾತೆ ಅವರದ್ದೇ. ಒಂದು ಸಾಲು ಸಿಕ್ಕಿದರೆ ಸಾಕು, ಆ ವ್ಯಕ್ತಿಯ ಇಡೀ ತಿಂಗಳು ತೆರೆದುಕೊಂಡಂತೆ. ಬೆಳಿಗ್ಗೆ ಓದಿದ ಪೇಪರ್, ಮಧ್ಯಾಹ್ನ ನೋಡಿದ ಬ್ಯಾಂಕ್ ಪುಟ, ರಾತ್ರಿ ಹುಡುಕಿದ ಕಾಯಿಲೆ, ಎಲ್ಲ.

ಇನ್ನೊಂದು ಉದಾಹರಣೆ ನೋಡಿ. ಜರ್ಮನಿಯ ಒಬ್ಬ ಸೈಬರ್ ಕ್ರೈಮ್ ಪತ್ತೇದಾರರು ಬೇರೆ ದೇಶದ ಪೊಲೀಸರಿಗೆ ಸಹಾಯ ಕೋರಿ ಪತ್ರ ಬರೆಯಬೇಕಿತ್ತು. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಹಾಕಿ ಅನುವಾದ ಮಾಡಿಕೊಂಡರು. ಆಗ ಆ ಸೇವೆಯಲ್ಲಿ ನೀವು ಹಾಕಿದ ಪಠ್ಯವೆಲ್ಲ ಪುಟದ ವಿಳಾಸದೊಳಗೇ ಸೇರಿಕೊಳ್ಳುತ್ತಿತ್ತು. ನಡೆಯುತ್ತಿದ್ದ ತನಿಖೆಯ ವಿವರವೇ ಮಾರಾಟದ ಪಟ್ಟಿಯಲ್ಲಿ ಬಂದು ಕೂತಿತ್ತು. ಒಬ್ಬ ನ್ಯಾಯಾಧೀಶರು ನೋಡುತ್ತಿದ್ದ ಅಶ್ಲೀಲ ವಿಡಿಯೋಗಳು, ಒಬ್ಬ ಸಂಸದರು ತೆಗೆದುಕೊಳ್ಳುತ್ತಿದ್ದ ಔಷಧಿ, ಇವೂ ಸಿಕ್ಕವು.

ಇಷ್ಟೆಲ್ಲ ಡೇಟಾ ಬಂದದ್ದು ಎಲ್ಲಿಂದ? ಶೇ. 95ರಷ್ಟು ಬಂದದ್ದು ಹತ್ತು ಬ್ರೌಸರ್ ಎಕ್ಸ್‌ಟೆನ್ಷನ್‌ಗಳಿಂದ, ಅಂದರೆ ನಾವೇ ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂಗಳಿಂದ. ಅದರಲ್ಲಿ ಸುದ್ದಿಯಾದದ್ದು ವೆಬ್ ಆಫ್ ಟ್ರಸ್ಟ್. ಅದರ ಕೆಲಸ ಏನು ಗೊತ್ತಾ? ನೀವು ಹೋಗುತ್ತಿರುವ ಸೈಟು ನಂಬಿಕೆಗೆ ಯೋಗ್ಯವೋ ಅಲ್ಲವೋ ಅಂತ ಹೇಳುವುದು. ಹುಷಾರಾಗಿರಬೇಕು ಅಂತ ಬಯಸಿದವರೇ ಅದನ್ನು ಹಾಕಿಕೊಂಡಿದ್ದರು.

ಇದೊಂದೇ ಪ್ರಕರಣ ಅಂದುಕೊಳ್ಳಬೇಡಿ. ಆ್ಯಂಟಿವೈರಸ್ ಮಾಡುವ ಅವಾಸ್ಟ್ ಕಂಪನಿ ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಜನರ ಬ್ರೌಸಿಂಗ್ ಮಾಹಿತಿ ಮಾರುತ್ತಿತ್ತು. 2020ರ ಜನವರಿಯಲ್ಲಿ ಪತ್ರಕರ್ತರು ಅದನ್ನು ಬಯಲು ಮಾಡಿದ ಮೇಲೆ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿಕೊಂಡಿತು. ಕಾವಲಿಗೆ ಅಂತ ಇಟ್ಟುಕೊಂಡವರೇ ಕದ್ದು ಮಾರಿದ್ದು, ಅಲ್ವಾ?

ನಾವು ಭಾಷಣ ಮಾಡುವವರು ಏನು ಮಾಡುತ್ತಾ ಬಂದಿದ್ದೇವೆ ಅಂದರೆ, ಜನರಿಗೆ ಬುದ್ಧಿ ಹೇಳುವುದು. ಎಚ್ಚರವಾಗಿರಿ, ನೋಡಿ ಕ್ಲಿಕ್ ಮಾಡಿ, ಓದಿ ಒಪ್ಪಿಗೆ ಕೊಡಿ. ಆ ಪತ್ತೇದಾರರಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಅವರಿಗೇ ಹೀಗಾಯಿತು. ಇಪ್ಪತ್ತು ವರ್ಷದ ಸಂಶೋಧನೆ ಓದುತ್ತಾ ಹೋದರೆ ನನಗೆ ಕಾಣುವುದು ಇಷ್ಟು: ಬಹಳ ಸಲ ತಪ್ಪು ಬಳಸುವವರದ್ದಲ್ಲ, ಬ್ರೌಸರ್ ಕಟ್ಟಿದ ರೀತಿಯದ್ದು. ಅದನ್ನು ಬದಲಿಸಿದಾಗ ಜನ ತಾವಾಗಿಯೇ ಸುರಕ್ಷಿತರಾಗಿದ್ದಾರೆ. ಹೇಗೆ ಅಂತ ತೋರಿಸುತ್ತೇನೆ.

ಮೊದಲು, ಹೆಸರಿಲ್ಲದ ಪಟ್ಟಿಯಲ್ಲಿ ನಾವು ಸಿಕ್ಕಿಬೀಳುವುದು ಯಾಕೆ ಅಂತ ನೋಡೋಣ. ಟ್ವಿಟರ್ ಪುಟದಂಥ ಸುಲಭದ ಸುಳಿವು ಇಲ್ಲದಿದ್ದರೂ ಸಿಕ್ಕಿಬೀಳುತ್ತೇವೆ. 2012ರಲ್ಲಿ ಒಲೆಯ್ನಿಕ್, ಕಾಸ್ಟೆಲುಚಿಯಾ, ಯಾಂಕ್ ಎಂಬ ಮೂವರು ಸಂಶೋಧಕರು 3,68,284 ಜನರ ಬ್ರೌಸಿಂಗ್ ಇತಿಹಾಸ ಪರೀಕ್ಷಿಸಿದರು. ಅದರಲ್ಲಿ ಶೇ. 69 ಜನರ ಇತಿಹಾಸ ಬೇರೆ ಯಾರದ್ದಕ್ಕೂ ಹೋಲಲಿಲ್ಲ. ಕನಿಷ್ಠ ನಾಲ್ಕು ಸೈಟು ಪತ್ತೆಯಾದವರನ್ನು ಮಾತ್ರ ತೆಗೆದುಕೊಂಡರೆ ಈ ಪ್ರಮಾಣ ಶೇ. 97.

ನಾಲ್ಕೇ ನಾಲ್ಕು ಸೈಟು. ನಂಬಲು ಕಷ್ಟ ಅಲ್ವಾ? ನಿಮ್ಮದೇ ನಾಲ್ಕು ನೆನಪಿಸಿಕೊಳ್ಳಿ. ಅಡಿಕೆ ಧಾರಣೆ ನೋಡುವ ಒಂದು ಪುಟ. ಮಗಳ ಕಾಲೇಜಿನ ಫೀಸ್ ಕಟ್ಟುವ ಪುಟ. ಯಕ್ಷಗಾನದ ಆಟ ಎಲ್ಲಿದೆ ಅಂತ ನೋಡುವ ಒಂದು ಸೈಟು. ದುಬೈನಲ್ಲಿರುವ ತಮ್ಮನಿಗಾಗಿ ವಿಮಾನದ ಟಿಕೆಟ್ ದರ. ಒಂದೊಂದನ್ನೂ ಸಾವಿರಾರು ಜನ ನೋಡುತ್ತಾರೆ. ನಾಲ್ಕನ್ನೂ ನೋಡುವವರು ಎಷ್ಟು ಜನ ಇದ್ದಾರು? ಬಹುಶಃ ನೀವೊಬ್ಬರೇ.

2020ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಸಂಶೋಧಕರು ಇದನ್ನೇ ಮತ್ತೆ ಮಾಡಿ ನೋಡಿದರು. ಒಪ್ಪಿಗೆ ಕೊಟ್ಟ ಸುಮಾರು 52,000 ಬಳಕೆದಾರರು, ಎರಡು ವಾರದ ಡೇಟಾ. ಸಿಕ್ಕ ಪ್ರೊಫೈಲುಗಳಲ್ಲಿ ಶೇ. 99 ಒಂದಕ್ಕಿಂತ ಒಂದು ಬೇರೆ. ಅವರು ಒಂದು ಹೆಜ್ಜೆ ಮುಂದೂ ಹೋದರು. ಮೊದಲ ವಾರದ ಜಾಡು ಇಟ್ಟುಕೊಂಡು ಎರಡನೇ ವಾರ ಅದೇ ವ್ಯಕ್ತಿಯನ್ನು ಹುಡುಕಬಹುದಾ? 150ಕ್ಕಿಂತ ಜಾಸ್ತಿ ಸೈಟು ನೋಡಿದವರಲ್ಲಿ ಶೇ. 80ಕ್ಕೂ ಹೆಚ್ಚು ಜನ ಮತ್ತೆ ಸಿಕ್ಕರು. ಕುಕ್ಕಿ, ಅಂದರೆ ನಿಮ್ಮನ್ನು ಗುರುತಿಸಲು ಸೈಟುಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಚೀಟಿ, ಅದನ್ನು ಅಳಿಸಿ, ಹೊಸ ಖಾತೆ ತೆರೆಯಿರಿ, ನಿಮ್ಮ ಅಭ್ಯಾಸ ಮಾತ್ರ ಹಳೆಯದೇ ಇರುತ್ತದಲ್ಲ.

ಇದಕ್ಕೆ ಪ್ರತಿಯಾಗಿ, ನಾವು ತೆರೆಯುವ ಇಷ್ಟೂ ಪುಟಗಳು ಒಂದೇ ಕಂಪನಿಗೆ ಕಾಣಲು ಸಾಧ್ಯವಾ ಅಂತ ನೀವು ಕೇಳಬಹುದು. ಪ್ರಿನ್ಸ್‌ಟನ್ನಿನ ಸ್ಟೀವನ್ ಎಂಗಲ್‌ಹಾರ್ಟ್ ಮತ್ತು ಅರವಿಂದ್ ನಾರಾಯಣನ್ 2016ರಲ್ಲಿ ಹತ್ತು ಲಕ್ಷ ವೆಬ್‌ಸೈಟುಗಳನ್ನು ತಡಕಿದರು. ಎಲ್ಲಕ್ಕಿಂತ ಜಾಸ್ತಿ ಸೈಟುಗಳಲ್ಲಿ ಕೂತಿದ್ದ ಐದು ಹೊರಗಿನ ವಿಳಾಸಗಳೂ ಗೂಗಲ್‌ಗೆ ಸೇರಿದ್ದವು. ಟ್ರ್ಯಾಕರ್, ಅಂದರೆ ನಮ್ಮ ಓಡಾಟ ಗಮನಿಸಲು ಹೊರಗಿನವರು ಪುಟದಲ್ಲಿ ಇಡುವ ಪ್ರೋಗ್ರಾಂ, ಅತಿ ಹೆಚ್ಚು ಇದ್ದದ್ದು ಯಾವ ಬಗೆಯ ಸೈಟುಗಳಲ್ಲಿ? ಸುದ್ದಿ ಸೈಟುಗಳಲ್ಲಿ. ಓದುಗರಿಂದ ದುಡ್ಡು ಬರದಿದ್ದಾಗ ಜಾಹೀರಾತಿನವರನ್ನು ಒಳಗೆ ಬಿಟ್ಟುಕೊಳ್ಳಲೇಬೇಕು. ಅದು ಬೇರೆಯೇ ಕಥೆ, ಇನ್ನೊಮ್ಮೆ ಮಾತಾಡೋಣ.

ಈಗ ಕೈ ಎತ್ತಿ ನೋಡೋಣ. ನಿಮ್ಮಲ್ಲಿ ಎಷ್ಟು ಜನ ಫೋನಿನ ಅಥವಾ ಬ್ರೌಸರಿನ ಭಾಷೆಯನ್ನು ಕನ್ನಡಕ್ಕೆ ಇಟ್ಟಿದ್ದೀರಿ? ಖುಷಿಯ ವಿಷಯ. ಆದರೆ ನಿಮಗೆ ಹೇಳಲೇಬೇಕಾದ ಒಂದು ಕಹಿ ಮಾತಿದೆ.

ನೀವು ಯಾವ ಸೈಟಿಗೆ ಹೋದರೂ ಬ್ರೌಸರ್ ತನ್ನ ಬಗ್ಗೆ ಒಂದಿಷ್ಟು ವಿವರ ಹೇಳಿಕೊಳ್ಳುತ್ತದೆ. ಯಾವ ಆವೃತ್ತಿ, ಯಾವ ಭಾಷೆ ಬೇಕು. ಪುಟದಲ್ಲಿರುವ ಪ್ರೋಗ್ರಾಂ ಇನ್ನೂ ಕೇಳಿಕೊಳ್ಳುತ್ತದೆ. ಪರದೆ ಎಷ್ಟು ಅಗಲ, ಯಾವ ಟೈಮ್ ಝೋನ್, ಯಾವ ಫಾಂಟುಗಳಿವೆ. ಇವನ್ನೆಲ್ಲ ಸೇರಿಸಿದರೆ ಬೆರಳಚ್ಚಿನ ಹಾಗೆ ಒಂದು ಗುರುತು ಸಿಗುತ್ತದೆ. 2010ರಲ್ಲಿ ಪೀಟರ್ ಎಕರ್ಸ್ಲಿ ಎಂಬುವರು ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಪರವಾಗಿ ಪನೊಪ್ಟಿಕ್ಲಿಕ್ ಎಂಬ ಸೈಟು ಮಾಡಿ ಸುಮಾರು 4.7 ಲಕ್ಷ ಬ್ರೌಸರುಗಳ ಈ ಗುರುತು ಸಂಗ್ರಹಿಸಿದರು. ಶೇ. 83.6 ಬ್ರೌಸರುಗಳು ಒಂದರಂತೆ ಇನ್ನೊಂದಿರಲಿಲ್ಲ. ಇದಕ್ಕೆ ಕುಕ್ಕಿ ಬೇಕಿಲ್ಲ. ಅಳಿಸಲು ನಿಮ್ಮ ಹತ್ತಿರ ಏನೂ ಇಲ್ಲ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ಭಾಷೆ ಇಂಗ್ಲಿಷ್ ಅಂತ ಹೇಳುವ ಬ್ರೌಸರುಗಳು ಕೋಟಿಗಟ್ಟಲೆ. ಆ ಗುಂಪಿನಲ್ಲಿ ಕಳೆದುಹೋಗಬಹುದು. ಕನ್ನಡ ಅಂತ ಹೇಳುವ ಬ್ರೌಸರು ಅಪರೂಪ. ಅದರ ಜೊತೆಗೆ ಕಂಪ್ಯೂಟರಿನಲ್ಲಿ ನುಡಿ, ಬರಹದ ಫಾಂಟುಗಳಿದ್ದರೆ ಇನ್ನೂ ಅಪರೂಪ. ಅದೇ ಮನುಷ್ಯ ಮೆಲ್ಬರ್ನ್‌ನಲ್ಲೋ ಟೆಕ್ಸಾಸ್‌ನಲ್ಲೋ ಕೂತಿದ್ದರಂತೂ ಹುಡುಕುವವರಿಗೆ ಹಬ್ಬ. ಅನಾಮಧೇಯರಾಗಿರಲು ಅಂತಲೇ ಕಟ್ಟಿದ ಟಾರ್ ಬ್ರೌಸರ್ ಬೇರೆ ಭಾಷೆಯವರನ್ನು ಒಂದು ಪ್ರಶ್ನೆ ಕೇಳುತ್ತದೆ: ಪುಟಗಳನ್ನು ಇಂಗ್ಲಿಷಿನಲ್ಲೇ ತರಿಸಲಾ, ಗೋಪ್ಯತೆ ಹೆಚ್ಚುತ್ತದೆ ಅಂತ. ಅವರ ಲೆಕ್ಕ ಸರಿ. ಎಲ್ಲರೂ ಒಂದೇ ಥರ ಕಂಡರೆ ಮಾತ್ರ ಅಡಗಲು ಜಾಗ ಸಿಗುವುದು. ಆದರೂ ನನಗೆ ಸಿಟ್ಟು ಬರುತ್ತದೆ. ತಾಯ್ನುಡಿ ಬಳಸುವುದಕ್ಕೆ ದಂಡ ಯಾಕೆ ಕಟ್ಟಬೇಕು? ಕನ್ನಡ ತೆಗೆದು ಇಂಗ್ಲಿಷ್ ಇಡಿ ಅಂತ ನಾನಂತೂ ಹೇಳುವುದಿಲ್ಲ. ಈ ವಿವರಗಳನ್ನು ಕೇಳಿದವರಿಗೆಲ್ಲ ಉದುರಿಸದ ಹಾಗೆ ಬ್ರೌಸರ್ ಕಟ್ಟಿ ಅಂತ ಕೇಳುತ್ತೇನೆ.

ಅದು ಆಗುವ ಕೆಲಸವೇ. ಬಣ್ಣದ ಲಿಂಕಿನ ಕಥೆ ಹೇಳುತ್ತೇನೆ, ಕೇಳಿ. ನೀವು ಒಮ್ಮೆ ತೆರೆದ ಲಿಂಕು ನೇರಳೆ ಬಣ್ಣಕ್ಕೆ ತಿರುಗುತ್ತದೆ, ತೆರೆಯದ್ದು ನೀಲಿ. ನಮಗೆ ಅನುಕೂಲ ಅಂತ ಮಾಡಿದ್ದು. ಆದರೆ ಯಾವುದೋ ಸೈಟು ತನ್ನ ಪುಟದ ಮೂಲೆಯಲ್ಲಿ ನಿಮಗೆ ಕಾಣದ ಹಾಗೆ ಸಾವಿರ ಲಿಂಕು ಹಾಕಿ, ಒಂದೊಂದರ ಬಣ್ಣ ಏನು ಅಂತ ಬ್ರೌಸರನ್ನು ಕೇಳಿದರೆ? ಬ್ರೌಸರ್ ಪ್ರಾಮಾಣಿಕವಾಗಿ ಹೇಳಿಬಿಡುತ್ತಿತ್ತು. ಇದು ನೇರಳೆ, ಇದು ನೀಲಿ. ಯಾವ ಬ್ಯಾಂಕು, ಯಾವ ಆಸ್ಪತ್ರೆ, ಯಾವ ಮದುವೆ ಸೈಟು, ಎಲ್ಲ ಗೊತ್ತಾಗುತ್ತಿತ್ತು. ಮೊಜಿಲ್ಲಾದ ದೋಷಗಳ ಪಟ್ಟಿಯಲ್ಲಿ ಇದು ದಾಖಲಾದದ್ದು 2002ರಲ್ಲಿ. ಡೇವಿಡ್ ಬ್ಯಾರನ್ ಎಂಬ ಎಂಜಿನಿಯರ್ ಇದಕ್ಕೆ ಪರಿಹಾರ ಕಂಡುಹಿಡಿದದ್ದು 2010ರಲ್ಲಿ. ಬಣ್ಣ ಕೇಳಿದರೆ ಬ್ರೌಸರ್ ಇನ್ನು ಸುಳ್ಳು ಹೇಳಬೇಕು, ಎಲ್ಲವೂ ನೀಲಿ ಅನ್ನಬೇಕು. ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನವರು 50,000 ಸೈಟು ನೋಡಿ, 46 ಸೈಟುಗಳು ಈ ಉಪಾಯ ಬಳಸುತ್ತಿದ್ದುದನ್ನು ಹಿಡಿದರು. ಆಮೇಲೂ ಸಣ್ಣಪುಟ್ಟ ಸಂದುಗಳು ಉಳಿದೇ ಇದ್ದವು. 2025ರಲ್ಲಿ ಬಂದ, ಗೂಗಲ್‌ನ ಕ್ರೋಮ್ ಬ್ರೌಸರಿನ 136ನೇ ಆವೃತ್ತಿಯಿಂದ, ಲಿಂಕನ್ನು ನೀವು ಯಾವ ಸೈಟಿನಿಂದ ಒತ್ತಿದ್ದಿರೋ ಅಲ್ಲಿ ಮಾತ್ರ ಅದು ನೇರಳೆಯಾಗಿ ಕಾಣುತ್ತದೆ. ದೋಷ ಗೊತ್ತಾಗಿ 23 ವರ್ಷ. ಈ 23 ವರ್ಷದಲ್ಲಿ ನಾವು ಎಷ್ಟು ಎಚ್ಚರವಾಗಿದ್ದರೂ ಏನು ಉಪಯೋಗ ಇತ್ತು ಹೇಳಿ?

ಇನ್ನು ಇನ್‌ಕಾಗ್ನಿಟೊ, ಅಂದರೆ ನೋಡಿದ ಪುಟಗಳನ್ನು ಬ್ರೌಸರಿನ ಇತಿಹಾಸದಲ್ಲಿ ಉಳಿಸದ ಪ್ರೈವೇಟ್ ಮೋಡ್. ಆ ಟೋಪಿ ಕನ್ನಡಕದ ಚಿತ್ರ ನೋಡಿ ಎಲ್ಲರಿಗೂ ಧೈರ್ಯ ಬರುತ್ತದೆ. 2018ರಲ್ಲಿ 460 ಜನರನ್ನು ಕೇಳಿದ ಒಂದು ಅಧ್ಯಯನ ಇದೆ. ಗೂಗಲ್ ಖಾತೆಗೆ ಲಾಗಿನ್ ಆಗಿ ಹುಡುಕಿದರೂ ಇನ್‌ಕಾಗ್ನಿಟೊದಲ್ಲಿ ಅದು ದಾಖಲಾಗುವುದಿಲ್ಲ ಅಂತ ಶೇ. 56.3 ಜನ ನಂಬಿದ್ದರು. ಬ್ರೌಸರ್ ಕೊಡುವ ವಿವರಣೆ ಓದಿದ ಮೇಲೂ ತಪ್ಪು ತಿಳಿವಳಿಕೆ ಹೋಗಿರಲಿಲ್ಲ. ಅಮೆರಿಕದಲ್ಲಿ ಇದೇ ವಿಷಯಕ್ಕೆ 2020ರಲ್ಲಿ ಗೂಗಲ್ ಮೇಲೆ ಕೇಸು ಬಿತ್ತು. 2024ರಲ್ಲಿ ರಾಜಿಯಾಗಿ, ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿಕೊಂಡಿತು.

ಹಾಗಂತ ಇನ್‌ಕಾಗ್ನಿಟೊ ದಂಡ ಅಂತ ಹೇಳಲು ನಾನು ತಯಾರಿಲ್ಲ. ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ 199 ಜನರ ಜೊತೆ, ಹೆಂಗಸರು ಫೋನಿನಲ್ಲಿ ಗೋಪ್ಯತೆ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ಮಾತಾಡಿ ಮಾಡಿದ ಅಧ್ಯಯನ. ನಮ್ಮ ಕಡೆ ಫೋನು ಒಬ್ಬರ ಸ್ವತ್ತಲ್ಲ. ಮಗ ಗೇಮ್ ಆಡುತ್ತಾನೆ, ಅತ್ತೆ ಧಾರಾವಾಹಿ ನೋಡುತ್ತಾರೆ, ಗಂಡ ಸುಮ್ನೆ ತೆಗೆದು ನೋಡುತ್ತಾನೆ. ಫೋನಿಗೆ ಲಾಕ್ ಹಾಕಿದರೆ ಏನು ಮುಚ್ಚಿಡುತ್ತಿದ್ದೀಯ ಅನ್ನುವ ಪ್ರಶ್ನೆ. ಹಾಗಾಗಿ ಅವರು ಒಂದೊಂದು ಆ್ಯಪ್‌ಗೆ ಬೀಗ ಹಾಕುತ್ತಾರೆ. ಎಲ್ಲ ಅಳಿಸಿದರೆ ಅನುಮಾನ ಬರುತ್ತದೆ ಅಂತ ಬೇಕಾದ ಒಂದೇ ಮೆಸೇಜು, ಒಂದೇ ಹುಡುಕಾಟ ಅಳಿಸುತ್ತಾರೆ. ಕೆಲವರು ಪ್ರೈವೇಟ್ ಮೋಡ್ ಬಳಸುತ್ತಾರೆ. ಅವರ ಮಟ್ಟಿಗೆ ಅದು ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ. ಅವರಿಗೆ ಭಯ ಇರುವುದು ಕ್ಯಾಲಿಫೋರ್ನಿಯಾದ ಕಂಪನಿಯದ್ದಲ್ಲ, ಪಕ್ಕದ ಕೋಣೆಯಲ್ಲಿರುವವರದ್ದು. ಗೋಪ್ಯತೆ ಅಂದರೆ ಯಾರಿಂದ ಅಂತ ಕೇಳದೆ ಕೊಡುವ ಸಲಹೆಗಳು ಹೆಚ್ಚಾಗಿ ಸ್ವಂತ ಫೋನು, ಸ್ವಂತ ಕೋಣೆ ಇರುವವರು ಬರೆದದ್ದು.

ಈಗ ಮೋಸದ ಸೈಟುಗಳಿಗೆ ಬರೋಣ. 2006ರ ಒಂದು ಪ್ರಯೋಗ ಇವತ್ತಿಗೂ ನನಗೆ ಇಷ್ಟ. ರಚನಾ ಧಮಿಜಾ ಮತ್ತು ಇಬ್ಬರು ಸಹೋದ್ಯೋಗಿಗಳು 22 ಜನರನ್ನು ಕೂರಿಸಿ, ಅಸಲಿ ಸೈಟು ಯಾವುದು, ನಕಲಿ ಯಾವುದು ಅಂತ ಗುರುತಿಸಲು ಹೇಳಿದರು. ಅದರಲ್ಲೊಂದು ಬ್ಯಾಂಕ್ ಆಫ್ ದಿ ವೆಸ್ಟ್‌ನ ನಕಲು. ವಿಳಾಸದಲ್ಲಿ ವೆಸ್ಟ್ ಅನ್ನುವ ಪದದ ಡಬ್ಲ್ಯೂ ತೆಗೆದು, ಅಲ್ಲಿ ಎರಡು ವಿ ಅಕ್ಷರ ಪಕ್ಕಪಕ್ಕ ಇಟ್ಟಿದ್ದರು. ಕಣ್ಣಿಗೆ ಡಬ್ಲ್ಯೂ ಥರವೇ ಕಾಣುತ್ತದೆ. 22ರಲ್ಲಿ 20 ಜನ ಮೋಸ ಹೋದರು. ಇವರು ಆಗ ತಾನೇ ಕಂಪ್ಯೂಟರ್ ಕಲಿತವರಲ್ಲ. ನಕಲಿ ಇರಬಹುದು ಅಂತ ಮೊದಲೇ ಹೇಳಿಸಿಕೊಂಡು, ಹುಡುಕುತ್ತಲೇ ಕೂತಿದ್ದವರು. ಬ್ಯಾಂಕ್ ಕೆಲಸದ ಗಡಿಬಿಡಿಯಲ್ಲಿ ನಾವು ನೀವು ಏನು ನೋಡುತ್ತೇವೆ?

ನಮ್ಮ ಕನ್ನಡದ ಸೊನ್ನೆಯೂ ಈ ಆಟಕ್ಕೆ ಬರುತ್ತದೆ, ಗೊತ್ತಾ? ೦ ಅನ್ನುವುದನ್ನು ಇಂಗ್ಲಿಷಿನ ಸಣ್ಣ ಓ ಪಕ್ಕ ಇಡಿ, ವ್ಯತ್ಯಾಸ ಹೇಳುವುದು ಕಷ್ಟ. ಒಂದೇ ಥರ ಕಾಣುವ ಅಕ್ಷರಗಳ ಯೂನಿಕೋಡ್ ಪಟ್ಟಿಯಲ್ಲಿ ಇವೆರಡೂ ಜೋಡಿಯಾಗಿವೆ. ಅದಕ್ಕೇ ಕ್ರೋಮ್, ಫೈರ್‌ಫಾಕ್ಸ್‌ಗಳು ಕನ್ನಡ ಇಂಗ್ಲಿಷ್ ಬೆರೆತ ವಿಳಾಸ ಕಂಡರೆ ಅದನ್ನು ಹಾಗೇ ತೋರಿಸದೆ, ಅರ್ಥವಾಗದ ಅಕ್ಷರಗಳ ಸಾಲಾಗಿ ತೋರಿಸುತ್ತವೆ. ಕಣ್ಣಿಗೆ ಅಸಹ್ಯ, ಆದರೆ ಕೆಲಸ ಆಗುತ್ತದೆ. ಇದರ ಬಗ್ಗೆ ನಿಮಗೆ ಯಾರೂ ಪಾಠ ಮಾಡಬೇಕಾಗಲಿಲ್ಲ ನೋಡಿ.

ಸೈಟಿನ ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಸೈಟು ಒಳ್ಳೆಯದು ಅಂತ ನಿಮಗೆ ಯಾರೋ ಹೇಳಿರುತ್ತಾರೆ. ಮರೆತುಬಿಡಿ. ಅದರ ಅರ್ಥ ನಿಮ್ಮ ಮತ್ತು ಸೈಟಿನ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದಲಾಗದು ಅಂತ ಮಾತ್ರ. ಆ ಕಡೆ ಕೂತವನು ಕಳ್ಳನಾಗಿದ್ದರೆ ಕಳ್ಳನ ಜೊತೆ ಗುಟ್ಟಾಗಿ ಮಾತಾಡಿದಂತೆ. 2021ರಲ್ಲಿ ಗೂಗಲ್ ಕೇಳಿ ನೋಡಿದಾಗ ಬೀಗದ ಸರಿಯಾದ ಅರ್ಥ ಹೇಳಿದವರು ಶೇ. 11 ಜನ. ಎರಡು ವರ್ಷದ ನಂತರ ಕ್ರೋಮ್ ಬೀಗವನ್ನೇ ತೆಗೆದುಹಾಕಿತು.

ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಇಲ್ಲಿದೆ. 2013ರಲ್ಲಿ ದೇವದತ್ತ ಅಖಾವೆ ಮತ್ತು ಏಡ್ರಿಯನ್ ಪೋರ್ಟರ್ ಫೆಲ್ಟ್ ಎರಡೂವರೆ ಕೋಟಿ ಎಚ್ಚರಿಕೆಗಳ ಲೆಕ್ಕ ತೆಗೆದರು. ಈ ಸಂಪರ್ಕ ಸುರಕ್ಷಿತ ಅಲ್ಲ ಅನ್ನುವ ಪುಟ ಬಂದಾಗ ಕ್ರೋಮ್‌ನಲ್ಲಿ ಶೇ. 70 ಸಲ ಜನ ಅದನ್ನು ದಾಟಿ ಮುಂದೆ ಹೋಗಿದ್ದರು. ಫೈರ್‌ಫಾಕ್ಸ್‌ನಲ್ಲಿ ಶೇ. 33. ಫೈರ್‌ಫಾಕ್ಸ್‌ನವರು ಎರಡರಷ್ಟು ಬುದ್ಧಿವಂತರಾ? ಅಲ್ಲಿ ದಾಟಲು ಹೆಚ್ಚು ಸಲ ಒತ್ತಬೇಕಿತ್ತು, ಪುಟದ ರೂಪವೂ ಬೇರೆ ಇತ್ತು. ಜನಗಳಲ್ಲೂ ಒಂದಿಷ್ಟು ವ್ಯತ್ಯಾಸ ಇದ್ದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಆಮೇಲೆ ಫೆಲ್ಟ್ ಮತ್ತು ತಂಡ ಕ್ರೋಮ್‌ನ ಪುಟವನ್ನೇ ಹೊಸದಾಗಿ ಮಾಡಿತು. ವಾಪಸ್ ಹೋಗುವ ಬಟನ್ ದೊಡ್ಡದು, ಬಣ್ಣದ್ದು. ಮುಂದೆ ಹೋಗುವ ದಾರಿ ಇನ್ನೊಂದು ಲಿಂಕಿನ ಹಿಂದೆ. 2015ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಒಂದು ವಿಷಯ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ: ಜನರಿಗೆ ಎಚ್ಚರಿಕೆಯ ಅರ್ಥ ತಿಳಿಸಬೇಕೆಂಬ ಗುರಿ ಈಡೇರಲಿಲ್ಲ. ಆದರೂ ಒಟ್ಟು ಬಳಕೆದಾರರಲ್ಲಿ ಇನ್ನೂ ಸುಮಾರು ಶೇ. 30 ಜನ ವಾಪಸ್ ಹೋಗುವ ದಾರಿ ಹಿಡಿದರು. ಅರ್ಥ ಆಗಲಿಲ್ಲ, ಆದರೆ ಬಚಾವಾದರು.

ಕಾನೂನಿನ ಬಗ್ಗೆ ಎರಡು ಮಾತು. ಗೋಪ್ಯತೆ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸಿಗೆ ಹೆಸರು ಕೊಟ್ಟ ಅರ್ಜಿದಾರರು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತರು. ಆಗ ಅವರಿಗೆ ತೊಂಬತ್ತು ದಾಟಿತ್ತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು. ಕಂಪನಿಗಳು ಪಾಲಿಸಬೇಕಾದ ಮುಖ್ಯ ಅಂಶಗಳಿಗೆ 18 ತಿಂಗಳ ಗಡುವು ಇದೆ. ಒಂದು ಅಂಶ ನೆನಪಿಟ್ಟುಕೊಳ್ಳಿ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಿಮಗೆ ಇರಬೇಕು. ಅಂದರೆ ಕನ್ನಡದಲ್ಲೂ. ಗಡುವು ಮುಗಿದ ಮೇಲೂ ಕಾಣಿಸದಿದ್ದರೆ ಕೇಳಿ, ಬರೆದು ಕೇಳಿ. ಕನ್ನಡದಲ್ಲಿ ಕೊಟ್ಟರೆ ಎಲ್ಲರೂ ಓದುತ್ತಾರೆ ಅಂತ ನನಗೇನೂ ಭ್ರಮೆ ಇಲ್ಲ. ಆದರೆ ನಾಲ್ಕು ಜನ ಓದಿದರೂ ಕಂಪನಿಯವರು ಬರೆಯುವಾಗ ಸ್ವಲ್ಪ ಯೋಚಿಸುತ್ತಾರೆ.

ಈಗ ಚೀಟಿಯಲ್ಲಿ ಬಂದ ಪ್ರಶ್ನೆಗಳು. ವಿಪಿಎನ್, ಅಂದರೆ ನಮ್ಮ ಇಂಟರ್ನೆಟ್ ಸಂಪರ್ಕವನ್ನು ಇನ್ನೊಂದು ಕಂಪನಿಯ ಮೂಲಕ ಹಾಯಿಸುವ ಸೇವೆ, ಹಾಕಿಕೊಂಡರೆ ಇದೆಲ್ಲ ತಪ್ಪುತ್ತದಾ ಅಂತ ಒಬ್ಬರು ಕೇಳಿದ್ದಾರೆ. ತಪ್ಪುವುದಿಲ್ಲ. ನೀವು ಯಾವ ಸೈಟಿಗೆ ಹೋದಿರಿ ಅಂತ ಇಂಟರ್ನೆಟ್ ಕೊಡುವ ಕಂಪನಿಗೆ ಕಾಣುವುದಿಲ್ಲ, ಅದರ ಬದಲು ವಿಪಿಎನ್ ಕಂಪನಿಗೆ ಕಾಣುತ್ತದೆ. ಬ್ರೌಸರಿನ ಗುರುತು, ನೀವು ಲಾಗಿನ್ ಆದ ಖಾತೆ, ಎಕ್ಸ್‌ಟೆನ್ಷನ್ ಕದಿಯುವುದು, ಯಾವುದೂ ಬದಲಾಗುವುದಿಲ್ಲ. ಜೊತೆಗೆ 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಅಂತ ಆದೇಶ ಹೊರಡಿಸಿತು. ಹಲವು ದೊಡ್ಡ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ಪುಕ್ಕಟೆ ವಿಪಿಎನ್ ಆದರೆ, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಮೊದಲು ಕೇಳಿಕೊಳ್ಳಿ.

ಇನ್ನೊಂದು ಚೀಟಿ: ಹಾಗಾದರೆ ನಾವು ಮನೆಗೆ ಹೋಗಿ ಮಾಡಬಹುದಾದ್ದು ಏನೂ ಇಲ್ಲವಾ? ಇದೆ, ಒಂದೆರಡು. ಬ್ರೌಸರ್ ತೆರೆದು ಎಕ್ಸ್‌ಟೆನ್ಷನ್‌ಗಳ ಪಟ್ಟಿ ನೋಡಿ. ನೀವು ಹೋಗುವ ಎಲ್ಲ ಸೈಟುಗಳ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಅನುಮತಿ ಯಾವುದಕ್ಕೆ ಇದೆಯೋ, ಅದು ನಿಜವಾಗಲೂ ಬೇಕಾ ಅಂತ ಯೋಚಿಸಿ. ಕೂಪನ್ ಹುಡುಕುವುದು, ಸ್ಕ್ರೀನ್‌ಶಾಟ್ ತೆಗೆಯುವುದು, ಯಾವಾಗಲೋ ಹಾಕಿ ಮರೆತದ್ದು, ಇವನ್ನು ಮೊದಲು ತೆಗೆಯಿರಿ. ಫೈರ್‌ಫಾಕ್ಸ್, ಸಫಾರಿಗಳು ಹೊರಗಿನವರ ಕುಕ್ಕಿಯನ್ನು ತಾವಾಗಿಯೇ ಕಟ್ಟಿಹಾಕುತ್ತವೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ತಡೆಯಬೇಕು, ಯಾಕೆಂದರೆ 2020ರಲ್ಲಿ ಅವನ್ನು ತೆಗೆಯುತ್ತೇವೆ ಅಂದಿದ್ದ ಗೂಗಲ್ 2024ರಲ್ಲಿ ಆ ಯೋಜನೆ ಕೈಬಿಟ್ಟಿತು. ಇನ್ನು ಆನ್‌ಲೈನ್ ಮೋಸದಲ್ಲಿ ದುಡ್ಡು ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಬೇಡಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ದುಡ್ಡು ಹತ್ತು ಖಾತೆ ದಾಟಿರುತ್ತದೆ.